ಕಡಲಿಗೆ ದಾರಿ ಬಿಟ್ಟ ದೀಪಸ್ತಂಭ

ಮಸೀದಿಯ ಮಿನಾರವನ್ನು ನಾವು ದಿನವೂ ನೋಡುತ್ತೇವೆ. ಆ ಪದದ ಬೇರು ಬೆಳಕಿನಲ್ಲಿದೆ ಎಂಬುದನ್ನು ನೆನೆಯುವವರು ವಿರಳ. ಅರಬಿಯ ‘ಮನಾರ’ ಎಂದರೆ ಬೆಳಕಿನ ತಾಣ. ‘ನೂರ್’ ಮತ್ತು ‘ನಾರ್’ ಎಂಬ ಪದಗಳು ಹುಟ್ಟಿದ ಬೇರಿನಿಂದಲೇ ಅದೂ ಹುಟ್ಟಿತು. ಕಡಲ ದಡದಲ್ಲಿ ನಾವಿಕರಿಗೆ ದಾರಿ ತೋರುವ ಗೋಪುರವನ್ನೂ ಅರಬರು ಇದೇ ಹೆಸರಿನಿಂದ ಕರೆದರು. 1183ರಲ್ಲಿ ಹಜ್ಜ್ ಯಾತ್ರೆಗೆ ಹೊರಟ ಆಂದಲೂಸಿಯಾದ ಇಬ್ನು ಜುಬೈರ್ ಅಲೆಗ್ಸಾಂಡ್ರಿಯದ ಪ್ರಾಚೀನ ದೀಪಸ್ತಂಭವನ್ನು ಕಂಡು ಬೆರಗಾದರು. ಅದರ ನೆತ್ತಿಯ ಮೇಲೆ ಒಂದು ಮಸೀದಿಯಿದ್ದುದನ್ನೂ ಬರೆದಿಟ್ಟರು. ಇಬ್ನು ಬತೂತ 1326ರಲ್ಲಿ ಅಲ್ಲಿಗೆ ಬಂದಾಗ ಅದರ ಒಂದು ಪಾರ್ಶ್ವ ಕುಸಿದಿತ್ತು. 1349ರಲ್ಲಿ ಮರಳಿ ಬಂದಾಗ ಒಳಗೆ ಕಾಲಿಡಲೂ ಆಗದಷ್ಟು ಅದು ಪಾಳುಬಿದ್ದಿತ್ತು. ಮುಂದೆ ಮಮ್ಲೂಕ್ ಸುಲ್ತಾನ ಖಾಯಿತ್‌ಬಾಯಿ ಆ ಸ್ಥಳದಲ್ಲಿ ಕೋಟೆಯೊಂದನ್ನು ಕಟ್ಟಿಸಿದನು. ಜಗತ್ತಿನ ಅದ್ಭುತಗಳಲ್ಲೊಂದೆಂದು ಎಣಿಸಲಾದ ಕಟ್ಟಡದ ಕಥೆ ಅಲ್ಲಿಗೆ ಮುಗಿಯಿತು.

ಇದನ್ನು ಮೊದಲೇ ಹೇಳಲು ಕಾರಣವಿದೆ. 2019ರ ಜೂನ್ ತಿಂಗಳಲ್ಲಿ ನಾನು ನೋಡಿದ ದೀಪಸ್ತಂಭವೂ ಬೀಳಬೇಕಾಗಿತ್ತು. ಬೀಳಲಿಲ್ಲ. ಏಕೆಂದರೆ ಅದು ನಿಂತಲ್ಲೇ ನಿಲ್ಲಲಿಲ್ಲ.

ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ರಾಲಿ ನಗರದಲ್ಲಿ ನನ್ನ ತಂಗಿಯ ಕುಟುಂಬ ನೆಲೆಸಿದೆ. ಉಮ್ಮನನ್ನು ಕರೆದುಕೊಂಡು ನಾನು ಆ ಬೇಸಗೆಯಲ್ಲಿ ಅಲ್ಲಿಗೆ ಹೋಗಿದ್ದೆ. ಭಾವ ತನ್ನ ರಜೆಯಲ್ಲಿ ನಮ್ಮೆಲ್ಲರನ್ನೂ ಕೇಪ್ ಹ್ಯಾಟರಸ್‌ಗೆ ಕರೆದೊಯ್ದರು. ರಾಲಿಯಿಂದ ಪೂರ್ವಕ್ಕೆ ಐದು ಗಂಟೆಯ ದಾರಿ. ಕೊನೆಯ ಭಾಗದಲ್ಲಿ ರಸ್ತೆಯ ಎರಡೂ ಬದಿ ನೀರು: ಒಂದೆಡೆ ಅಟ್ಲಾಂಟಿಕ್ ಸಾಗರ, ಇನ್ನೊಂದೆಡೆ ಪಾಮ್ಲಿಕೋ ಎಂಬ ವಿಶಾಲ ಹಿನ್ನೀರು. ನಡುವೆ ಔಟರ್ ಬ್ಯಾಂಕ್ಸ್ ಎಂದು ಕರೆಯಲಾಗುವ ಮರಳಿನ ದ್ವೀಪಗಳ ಸಾಲು, ಕೆಲವೆಡೆ ನಮ್ಮ ಊರಿನ ಒಂದು ತೆಂಗಿನ ತೋಟದಷ್ಟೂ ಅಗಲವಿಲ್ಲ. ಗಾಳಿ ಬೀಸಿದರೆ ಮರಳು ರಸ್ತೆಯನ್ನು ಮುಚ್ಚುತ್ತದೆ. ಯಂತ್ರಗಳು ಅದನ್ನು ಬಾಚಿ ಬದಿಗೆ ರಾಶಿ ಹಾಕುತ್ತಿರುತ್ತವೆ. ಉಮ್ಮ ಕಿಟಕಿಯಿಂದ ನೋಡುತ್ತಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಇಷ್ಟು ದೂರ ಬಂದದ್ದು ನಮ್ಮ ಊರನ್ನೇ ನೋಡಲಿಕ್ಕಾ ಮೋನೆ?” ಎಂದರು.

ನಾವು ಉಳ್ಳಾಲದ ತೆಂಕಣ ಕಡಲ ತೀರದವರು. ಉಮ್ಮನ ತವರುಮನೆ ಕಡಲಿನಿಂದ ಕೂಗಳತೆಯಲ್ಲಿದೆ. ಉಮ್ಮನ ಅಣ್ಣ, ಅಂದರೆ ನನ್ನ ಮಾಮ, ಬಹಳ ಹಿಂದೆಯೇ ಅಲ್ಲಾಹನ ಸನ್ನಿಧಿಗೆ ಮರಳಿದ್ದಾರೆ. ಮಾಮಿ ಒಬ್ಬರೇ ಆ ಮನೆಯಲ್ಲಿದ್ದರು. ಆಕೆಯ ಮಕ್ಕಳಿಬ್ಬರೂ ದಮ್ಮಾಮಿನಲ್ಲಿ ದುಡಿಯುತ್ತಾರೆ. ಆ ವರ್ಷ ಮಳೆಗಾಲಕ್ಕೆ ಮುನ್ನ ಅವರ ಹಿತ್ತಲಿನ ಐದು ತೆಂಗಿನ ಮರಗಳು ಕಡಲಿಗೆ ಬಿದ್ದಿದ್ದವು. ಮನೆ ಬಿಟ್ಟು ಬನ್ನಿ ಎಂದು ಮಕ್ಕಳು, ಇಲ್ಲಿಂದ ನನ್ನ ಜನಾಝವೇ ಹೋಗಬೇಕು ಎಂದು ಮಾಮಿ. ಕಡಲಿಗೆ ಕಲ್ಲು ಹಾಕಿಸಿದರೆ ಸಾಕು ಎಂಬುದು ಆಕೆಯ ವಾದ. ಈ ಜಗಳದ ನಡುವೆ ಉಮ್ಮ ವಿಮಾನ ಹತ್ತಿದ್ದರು. ಅವರ ಮನಸ್ಸು ಊರಿನಲ್ಲೇ ಇತ್ತು.

ಹ್ಯಾಟರಸ್‌ನ ದೀಪಸ್ತಂಭ ಕಪ್ಪು ಬಿಳಿ ಪಟ್ಟೆಗಳು ಸುರುಳಿಯಾಗಿ ಸುತ್ತಿಕೊಂಡ ಗೋಪುರ. ಎತ್ತರ 198 ಅಡಿಗೂ ಮಿಕ್ಕಿ. ಇಟ್ಟಿಗೆಯ ದೀಪಸ್ತಂಭಗಳಲ್ಲಿ ಆ ದೇಶದಲ್ಲೇ ಅತಿ ಎತ್ತರದ್ದು. ಸುಮಾರು ಹನ್ನೆರಡೂವರೆ ಲಕ್ಷ ಇಟ್ಟಿಗೆಗಳಿಂದ ಕಟ್ಟಿದ ಇದರ ದೀಪ 1870ರ ಡಿಸೆಂಬರಿನಲ್ಲಿ ಮೊದಲು ಬೆಳಗಿತು. ಅದಕ್ಕೂ ಹಿಂದೆ, 1803ರಲ್ಲಿ, ಅಲ್ಲಿ ಸುಮಾರು 90 ಅಡಿಯ ಇನ್ನೊಂದು ಗೋಪುರವಿತ್ತು. ತಿಮಿಂಗಿಲದ ಎಣ್ಣೆಯಲ್ಲಿ ಉರಿಯುತ್ತಿದ್ದ ಅದರ ದೀಪ ನಾವಿಕರಿಗೆ ಸಾಲದಾಗಿತ್ತು. ಕಾಣದ ಬೆಳಕನ್ನು ಹುಡುಕುತ್ತಾ ಹತ್ತಿರ ಬಂದರೆ ಹಡಗು ಮರಳಿಗೆ ಸಿಕ್ಕಿಕೊಳ್ಳುತ್ತದೆ, ದೂರ ಉಳಿದರೆ ಬೆಳಕು ಕಾಣುವುದಿಲ್ಲ ಎಂಬ ಸ್ಥಿತಿ.

ಆ ಕಡಲಿನ ಅಪಾಯ ಸಾಮಾನ್ಯವಾದುದಲ್ಲ. ತೆಂಕಣದಿಂದ ಬರುವ ಗಲ್ಫ್ ಸ್ಟ್ರೀಮ್ ಎಂಬ ಬೆಚ್ಚನೆಯ ಪ್ರವಾಹವೂ ಬಡಗಣದಿಂದ ಇಳಿಯುವ ತಣ್ಣನೆಯ ಪ್ರವಾಹವೂ ಈ ಭೂಶಿರದ ಎದುರು ಸಂಧಿಸುತ್ತವೆ. ಅಲ್ಲಿಯೇ ಡೈಮಂಡ್ ಶೋಲ್ಸ್ ಎಂಬ ಮರಳುದಿಬ್ಬಗಳು ನೀರಿನಡಿಯಲ್ಲಿ ಮೈಲುಗಟ್ಟಲೆ ಚಾಚಿಕೊಂಡಿವೆ, ಮತ್ತು ಜಾಗ ಬದಲಿಸುತ್ತಲೇ ಇರುತ್ತವೆ. ಈ ತೀರದುದ್ದಕ್ಕೂ ಮುಳುಗಿದ ಹಡಗುಗಳು ಆರುನೂರಕ್ಕೂ ಹೆಚ್ಚು ಎಂದು ಲೆಕ್ಕ. ‘ಅಟ್ಲಾಂಟಿಕ್‌ನ ಶ್ಮಶಾನ’ ಎಂಬ ಹೆಸರು ಅದಕ್ಕೆ ಸುಮ್ಮನೆ ಬಂದದ್ದಲ್ಲ. ನಮ್ಮೊಂದಿಗೆ ಬಂದಿದ್ದ ಭಾವನ ಗೆಳೆಯರೊಬ್ಬರು ಎರಡು ಸಮುದ್ರಗಳು ಸೇರುವ ಜಾಗ ಇದೇ ಎಂದು ಮೊಬೈಲಿನಲ್ಲಿ ಚಿತ್ರ ತೆಗೆದು, ಕುರ್‌ಆನಿನ ಪವಾಡವೆಂದು ಬರೆದು ಎಲ್ಲರಿಗೂ ಕಳುಹಿಸಲು ಹೊರಟರು. ನಾನು ತಡೆದೆ. ಈ ಪ್ರವಾಹಗಳು ಬೆರೆಯುತ್ತವೆ. ಬೆರೆಯುವುದರಿಂದಲೇ ಅಲ್ಲಿ ಮಂಜು, ಬಿರುಸಿನ ಅಲೆ. ಅಲ್ಲಾಹನ ಗ್ರಂಥಕ್ಕೆ ನಮ್ಮ ಮೊಬೈಲಿನ ಸಾಕ್ಷ್ಯದ ಅಗತ್ಯವಿಲ್ಲ. ತಪ್ಪು ಸಾಕ್ಷ್ಯವಂತೂ ಬೇಡವೇ ಬೇಡ.

ದೀಪ ಕಾಯುವವರ ಕುಟುಂಬಗಳಿಗಾಗಿ 1854ರಲ್ಲಿ ಕಟ್ಟಿದ ಜೋಡಿಮನೆಯಲ್ಲಿ ಈಗ ವಸ್ತುಸಂಗ್ರಹಾಲಯವಿದೆ. ಚಿಕ್ಕ ಕೋಣೆಗಳು. ಮುಳುಗಿದ ಹಡಗುಗಳ ಕಥೆ, ಜೀವರಕ್ಷಕ ದೋಣಿಗಳ ಕಥೆ, ಫ್ರೆನೆಲ್ ಮಸೂರದ ವಿವರ. ಒಂದು ಸಾಮಾನ್ಯ ದೀಪದ ಬೆಳಕನ್ನು ನೂರಾರು ಗಾಜಿನ ಪಟ್ಟಕಗಳು ಒಟ್ಟುಗೂಡಿಸಿ ಮೈಲುಗಟ್ಟಲೆ ದೂರ ಕಳುಹಿಸುವ ಆ ಯುಕ್ತಿಯ ಬಗ್ಗೆಯೇ ಒಂದು ಲೇಖನ ಬರೆಯಬಹುದು. ಆದರೆ ಉಮ್ಮನನ್ನು ಹಿಡಿದು ನಿಲ್ಲಿಸಿದ್ದು ಮಸೂರವಲ್ಲ, ದೀಪಸ್ತಂಭಕ್ಕೂ ಕಡಲಿಗೂ ನಡುವಿನ ದೂರದ ಲೆಕ್ಕ.

1870ರಲ್ಲಿ ಗೋಪುರದಿಂದ ಕಡಲಿಗೆ 1,500 ಅಡಿ ಅಂತರವಿತ್ತು. 1919ರ ಹೊತ್ತಿಗೆ 300 ಅಡಿ. 1935ಕ್ಕೆ 100 ಅಡಿ. ಆಗ ದೀಪವನ್ನು ಇಟ್ಟಿಗೆ ಗೋಪುರದಿಂದ ತೆಗೆದು ಒಳನಾಡಿನ ಕಾಡಿನಲ್ಲಿ ಎಬ್ಬಿಸಿದ ಉಕ್ಕಿನ ಗೋಪುರಕ್ಕೆ ಒಯ್ದರು. 1930ರ ದಶಕದಲ್ಲಿ ಸರಕಾರ ನಿರುದ್ಯೋಗಿ ಯುವಕರನ್ನು ತೊಡಗಿಸಿ ತೀರದುದ್ದಕ್ಕೂ ಮರಳುದಿಬ್ಬ ಕಟ್ಟಿಸಿತು, ಹುಲ್ಲು ನೆಡಿಸಿತು. ಕಡಲೂ ಕೆಲಕಾಲ ಹಿಂದೆ ಸರಿದುದರಿಂದ 1950ರಲ್ಲಿ ದೀಪ ತನ್ನ ಹಳೆಯ ಮನೆಗೆ ಮರಳಿತು. ಆಮೇಲೆ ಮತ್ತೆ ಅದೇ ಕಥೆ. 1970ರಲ್ಲಿ ಅಂತರ 120 ಅಡಿ.

ಕಡಲನ್ನು ತಡೆಯಲು ಆಗ ಮಾಡದ ಪ್ರಯತ್ನವಿಲ್ಲ. ಮರಳು ತಂದು ಸುರಿದರು. ಮರಳಿನ ಚೀಲಗಳನ್ನು ಜೋಡಿಸಿದರು. ಪ್ಲಾಸ್ಟಿಕ್ಕಿನ ಕಡಲ ಹುಲ್ಲನ್ನು ನೀರಿನಡಿಯಲ್ಲಿ ನೆಟ್ಟೂ ನೋಡಿದರು. ಪಕ್ಕದಲ್ಲಿ ನೌಕಾಪಡೆಯ ನೆಲೆಯೊಂದಿತ್ತು. ಅದರ ರಕ್ಷಣೆಗೆಂದು ದಡದಿಂದ ಕಡಲಿನೊಳಕ್ಕೆ ಚಾಚಿದ ಮೂರು ಅಡ್ಡಗೋಡೆಗಳನ್ನು ಕಟ್ಟಿದರು. ಈ ಅಡ್ಡಗೋಡೆಯ ವಿಷಯವನ್ನು ನಮ್ಮ ಕರಾವಳಿಯ ಓದುಗರು ಸ್ವಲ್ಪ ನಿಧಾನವಾಗಿ ಗಮನಿಸಬೇಕೆಂದು ಕೋರುತ್ತೇನೆ. ಅಲೆ ದಡಕ್ಕೆ ನೇರವಾಗಿ ಬಂದು ಬಡಿಯುವುದು ಅಪರೂಪ, ಓರೆಯಾಗಿ ಬರುತ್ತದೆ. ಹಾಗೆ ಬರುವಾಗ ಮರಳನ್ನು ದಡದುದ್ದಕ್ಕೂ ಸಾಗಿಸುತ್ತದೆ. ಕಡಲ ತೀರವೆಂದರೆ ನಿಂತ ನೆಲವಲ್ಲ, ನಿಧಾನವಾಗಿ ಹರಿಯುವ ಮರಳಿನ ಹೊಳೆ. ಅಡ್ಡಗೋಡೆ ಕಟ್ಟಿದರೆ ಆ ಹೊಳೆಗೆ ಒಡ್ಡು ಕಟ್ಟಿದಂತೆ. ಗೋಡೆಯ ಮೇಲ್ಬದಿಯಲ್ಲಿ ಮರಳು ತುಂಬುತ್ತದೆ, ಕಟ್ಟಿದವರಿಗೆ ಸಂತೋಷ. ಕೆಳಬದಿಗೆ ಬರಬೇಕಾದ ಮರಳು ಬಾರದೆ ಅಲ್ಲಿನ ದಡ ಹಸಿಯುತ್ತದೆ. ಹಸಿದ ದಡವನ್ನು ಕಡಲು ಕೊರೆಯುತ್ತದೆ. ಹ್ಯಾಟರಸ್‌ನಲ್ಲೂ ಹಾಗೆಯೇ ಆಯಿತು. ಗೋಡೆಗಳು ದೀಪಸ್ತಂಭದ ಮುಂದೆ ಒಂದಷ್ಟು ಮರಳು ಹಿಡಿದವು, ಅದರಾಚೆಯ ತೆಂಕಣ ದಡವನ್ನು ಕಡಲು ತಿಂದು ಬದಿಯಿಂದ ಗೋಪುರದತ್ತ ಬರತೊಡಗಿತು.

ಅಲೆಗೆ ಎದುರಾಗಿ ದಡಕ್ಕೆ ಸಮಾನಾಂತರವಾಗಿ ಹಾಕುವ ಕಲ್ಲಿನ ತಡೆಗೋಡೆಯದೂ ಬೇರೆ ರೀತಿಯ ಇದೇ ಕಥೆ. ಹಿಂದಿನ ಮನೆಯನ್ನು ಅದು ಕೆಲಕಾಲ ಉಳಿಸುತ್ತದೆ; ಮುಂದಿನ ಮರಳನ್ನು ಕಳೆದುಕೊಳ್ಳುತ್ತದೆ. ಗೋಡೆ ಮುಗಿಯುವಲ್ಲಿ ಕೊರೆತ ಹೆಚ್ಚುತ್ತದೆ. ಈ ಅನುಭವದಿಂದಲೇ ಉತ್ತರ ಕೆರೊಲಿನಾ ರಾಜ್ಯವು 1985ರಲ್ಲಿ ತನ್ನ ಸಾಗರ ತೀರದಲ್ಲಿ ಹೊಸ ತಡೆಗೋಡೆಗಳನ್ನು ನಿಷೇಧಿಸಿತು. ಹೊಸ ಮನೆ ಕಟ್ಟುವವರು ದಡದಿಂದ ದೂರ ಸರಿಯಬೇಕೆಂಬ ನಿಯಮವನ್ನು ಅದಕ್ಕೂ ಮೊದಲೇ ತಂದಿತ್ತು. ಚಿಕ್ಕ ಮನೆಯಾದರೆ, ಆ ಜಾಗದಲ್ಲಿ ವರ್ಷಕ್ಕೆ ಎಷ್ಟು ಅಡಿ ಸವೆಯುತ್ತದೆಯೋ ಅದರ 30 ಪಟ್ಟು ದೂರ, ಕಡಿಮೆಯೆಂದರೂ 60 ಅಡಿ, ದಡದ ಹುಲ್ಲಿನ ಸಾಲಿನಿಂದ ಹಿಂದೆ. ನಮ್ಮ ದೇಶದಲ್ಲೂ 1991ರಿಂದ ಕರಾವಳಿ ನಿಯಂತ್ರಣ ವಲಯದ ನಿಯಮವಿದೆ. ಭರತದ ಗೆರೆಯಿಂದ 500 ಮೀಟರ್ ಎಂಬ ಮಾತನ್ನು ನಮ್ಮ ಬೆಸ್ತರೂ ಬ್ಯಾರಿಗಳೂ ಕೇಳಿಯೇ ಇದ್ದಾರೆ. ಕೇಳಿ, ತಮ್ಮ ಮನೆ ದುರಸ್ತಿಗೆ ಅಡ್ಡ ಬರುವ ಕಾನೂನು ಎಂದಷ್ಟೇ ತಿಳಿದಿದ್ದಾರೆ.

ನಿಜವಾಗಿ ಈ ವಿಚಾರ ನಮಗೆ ಹೊರಗಿನಿಂದ ಬಂದುದಲ್ಲ. ಇಸ್ಲಾಮೀ ಕರ್ಮಶಾಸ್ತ್ರದಲ್ಲಿ ‘ಹರೀಮ್’ ಎಂಬ ಪರಿಕಲ್ಪನೆಯಿದೆ. ಬಾವಿ ತೋಡಿದವನಿಗೆ ಅದರ ಸುತ್ತ ಇಷ್ಟು ಮೊಳ ಜಾಗ ಮೀಸಲು ಎಂಬುದು ಹದೀಸ್‌ಗಳಲ್ಲೂ ಬಂದಿದೆ. ಜಾನುವಾರು ಬಂದು ನೀರು ಕುಡಿದು ವಿಶ್ರಮಿಸಲು, ಇನ್ನೊಬ್ಬನು ಪಕ್ಕದಲ್ಲೇ ತೋಡಿ ನೀರು ಬತ್ತಿಸದಿರಲು. ಹೊಳೆಗೂ ಚಿಲುಮೆಗೂ ಹರೀಮ್ ಇದೆ. ನೀರಿಗೆ ಸೇರಿದ ಆ ಅಂಚನ್ನು ಯಾರೂ ತನ್ನದೆಂದು ಕಟ್ಟಿಕೊಳ್ಳಬಾರದು. ಕಡಲಿಗೂ ಒಂದು ಅಂಚನ್ನು ಬಿಡಬೇಕೆಂಬುದು ಅದೇ ವಿವೇಕದ ಮುಂದುವರಿಕೆ ಎಂದು ನನ್ನ ಭಾವನೆ. ಹಾಗೆಯೇ ಉಸ್ಮಾನೀ ಆಡಳಿತದಲ್ಲಿ 1869ರಿಂದ 1876ರ ನಡುವೆ ಸಿದ್ಧವಾದ ‘ಮಜಲ್ಲ’ ಎಂಬ ಕಾನೂನು ಸಂಹಿತೆಯು, ಒಂದು ಹಾನಿಯನ್ನು ಅಂಥದೇ ಇನ್ನೊಂದು ಹಾನಿಯಿಂದ ನಿವಾರಿಸಲಾಗದು ಎಂಬ ಹಳೆಯ ತತ್ವವನ್ನು ತನ್ನ ಆರಂಭದಲ್ಲೇ ಸೇರಿಸಿಕೊಂಡಿತು. ಪ್ರವಾದಿವರ್ಯರ(ಸ) ಬೋಧನೆಯಿಂದ ವಿದ್ವಾಂಸರು ತೆಗೆದ ತತ್ವ ಅದು. ಹ್ಯಾಟರಸ್‌ನ ಇಟ್ಟಿಗೆಗಳು ಸಾಲುಗಟ್ಟುತ್ತಿದ್ದ ಕಾಲವೂ ಅದೇ ಎಂಬುದು ಕೇವಲ ಕಾಕತಾಳೀಯ. ಆದರೆ ಅಡ್ಡಗೋಡೆಗಳ ಆ ಚಿತ್ರದ ಮುಂದೆ ನಿಂತಾಗ ನನಗೆ ನೆನಪಾದದ್ದು ಮಜಲ್ಲವೇ. ನನ್ನ ಮನೆಯ ಮುಂದೆ ಹಾಕಿಸಿದ ಕಲ್ಲು ನೆರೆಯವನ ಹಿತ್ತಲನ್ನು ಕಡಲಿಗೆ ಒಪ್ಪಿಸುವುದಾದರೆ, ಆ ಕಲ್ಲಿಗೆ ನಾನು ಸಲ್ಲಿಸುವ ಅರ್ಜಿ ಎಂಥದು? ನೆರೆಯವನ ಹಕ್ಕಿನ ಬಗ್ಗೆ ಶುಕ್ರವಾರದ ಖುತುಬಾಗಳಲ್ಲಿ ಎಷ್ಟು ಕೇಳಿದ್ದೇವೆ! ಊಟದ ಸಾರಿಗೆ ನೀರು ಹೆಚ್ಚಿಸಿ ನೆರೆಯವನಿಗೆ ಕೊಡುವ ಮಾತು ನಮಗೆ ಬಾಯಿಪಾಠ. ಮರಳಿನ ಮಾತು ಮಾತ್ರ ನಮ್ಮ ಮಿಂಬರ್‌ಗಳನ್ನು ಇನ್ನೂ ಏರಿಲ್ಲ.

ಇಷ್ಟಾದರೂ ಬಡವರ ಮೇಲೆ ನಿಯಮ ಹೇರಿ ಕೈತೊಳೆದುಕೊಳ್ಳುವವರ ಪಕ್ಷ ನನ್ನದಲ್ಲ. ಕಡಲ ದಡದಲ್ಲಿ ಮೂರು ಸೆಂಟ್ಸ್ ಜಾಗವಿರುವವನಿಗೆ ಹಿಂದೆ ಸರಿ ಎನ್ನುವ ಮುನ್ನ, ಎಲ್ಲಿಗೆ ಎಂಬ ಪ್ರಶ್ನೆಗೆ ಉತ್ತರ ಬೇಕು.

ಅದಕ್ಕೊಂದು ಉತ್ತರ ಆ ವಸ್ತುಸಂಗ್ರಹಾಲಯದಲ್ಲಿಯೇ ಇತ್ತು. 1988ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ತಜ್ಞರು ದೀಪಸ್ತಂಭವನ್ನೇ ಎತ್ತಿ ಹಿಂದಕ್ಕೆ ಒಯ್ಯುವುದು ಲೇಸೆಂದು ವರದಿ ಕೊಟ್ಟರು. ಊರಿನವರಲ್ಲಿ ಅನೇಕರಿಗೆ ಅದು ಹುಚ್ಚುತನವಾಗಿ ಕಂಡಿತು. ನೂರು ವರ್ಷ ದಾಟಿದ ಇಟ್ಟಿಗೆ, ಎತ್ತಿದರೆ ಉದುರದೆ ಇದ್ದೀತೇ? ಇಲ್ಲಿಯೇ ಹುಟ್ಟಿದ್ದು, ಇಲ್ಲಿಯೇ ಇರಲಿ. ಇನ್ನೊಂದು ಅಡ್ಡಗೋಡೆ ಕಟ್ಟಿ ಎಂದರು. ವಾದ ಹತ್ತು ವರ್ಷ ನಡೆಯಿತು. ಕೊನೆಗೆ 1999ರಲ್ಲಿ ಕೆಲಸ ಆರಂಭವಾಯಿತು.

ಗೋಪುರದ ಅಡಿಪಾಯದ ಕಥೆ ಉಮ್ಮನಿಗೆ ಎಲ್ಲಕ್ಕಿಂತ ಹಿಡಿಸಿತು. ಮರಳಿನಲ್ಲಿ ಕಂಬ ಹೂಳಲು ಆಗದೆ, 1868ರಲ್ಲಿ ಮರಳಿನಡಿಯ ಸಿಹಿನೀರಿನ ಮಟ್ಟದ ಕೆಳಗೆ ಪೈನ್ ಮರದ ದಿಮ್ಮಿಗಳನ್ನು ಅಡ್ಡಡ್ಡಲಾಗಿ ಹಾಸಿ, ಅವುಗಳ ಮೇಲೆ ಗ್ರಾನೈಟ್ ಕಲ್ಲು ಕೂರಿಸಿ ಗೋಪುರ ಎಬ್ಬಿಸಿದ್ದರು. ಸಿಹಿನೀರಿನಲ್ಲಿ ಸದಾ ಮುಳುಗಿರುವ ಮರ ಕೊಳೆಯುವುದಿಲ್ಲ. ಉಪ್ಪುನೀರು ನುಗ್ಗಿದರೆ, ಇಲ್ಲವೇ ಒಣಗಿದರೆ, ಹುಳು ಹತ್ತಿ ಮುಗಿಯುತ್ತದೆ. ಭಾವ ಇದನ್ನು ಓದಿ ಹೇಳಿದಾಗ ಉಮ್ಮ ತಲೆಯಾಡಿಸಿದರು. “ಬಾವಿಗೆ ಉಪ್ಪು ಬಂದ ದಿನವೇ ಮನೆಯ ಗಡುವು ಮುಗಿಯಿತು ಅಂತ ನಿನ್ನ ಮಾಮ ಹೇಳುತ್ತಿದ್ದ” ಎಂದರು. ಮಾಮ ಮೀನು ವ್ಯಾಪಾರ ಮಾಡುತ್ತಿದ್ದವರು, ಇಂಜಿನಿಯರ್ ಅಲ್ಲ.

ಸ್ಥಳಾಂತರದ ರೀತಿ ಹೀಗೆ: ಗೋಪುರವನ್ನು ಅದರ ಅಡಿಪಾಯದಿಂದ ಕತ್ತರಿಸಿ ಬೇರ್ಪಡಿಸಿದರು. ಕೆಳಗೆ ಉಕ್ಕಿನ ತೊಲೆಗಳನ್ನು ತೂರಿಸಿ, ಹೈಡ್ರಾಲಿಕ್ ಜಾಕ್‌ಗಳಿಂದ ಮೇಲೆತ್ತಿದರು. ಸುಮಾರು 4,800 ಟನ್ ತೂಕ. ಆಮೇಲೆ ಉಕ್ಕಿನ ಹಳಿಗಳ ಮೇಲೆ ರೋಲರ್ ಇಟ್ಟು, ಜಾಕ್‌ಗಳಿಂದ ಒಂದೊಂದು ಬಾರಿಗೆ ಐದೈದು ಅಡಿ ತಳ್ಳಿದರು. ಹಿಂದಿನ ಹಳಿಯನ್ನು ಎತ್ತಿ ಮುಂದಕ್ಕೆ ಹಾಸುವುದು, ಮತ್ತೆ ಐದಡಿ. ಗೋಪುರ ಓರೆಯಾಗುತ್ತಿದೆಯೇ, ಬಿರುಕು ಬಿಡುತ್ತಿದೆಯೇ ಎಂದು ಅಳೆಯುವ ಉಪಕರಣಗಳು ಮೈತುಂಬ. ಜೂನ್ 17ರಂದು ಹೊರಟ ಗೋಪುರ ಜುಲೈ 9ರಂದು 2,900 ಅಡಿ ದೂರದ ಹೊಸ ನೆಲೆ ತಲುಪಿತು. ಇಪ್ಪತ್ತಮೂರು ದಿನ. ವೆಚ್ಚ ಸುಮಾರು 1.2 ಕೋಟಿ ಡಾಲರ್. ಆಗಸ್ಟ್ ಕೊನೆಯಲ್ಲಿ ಡೆನ್ನಿಸ್ ಚಂಡಮಾರುತ ದಿನಗಟ್ಟಲೆ ಆ ತೀರವನ್ನು ಜಜ್ಜಿತು. ಗೋಪುರ ಅಷ್ಟರಲ್ಲಿ ಕಡಲಿಗೆ 1,600 ಅಡಿ ಬಿಟ್ಟುಕೊಟ್ಟು ನಿಂತಿತ್ತು. ನವೆಂಬರ್ 13ರಂದು ದೀಪ ಮತ್ತೆ ಬೆಳಗಿತು. ಏಳೂವರೆ ಸೆಕೆಂಡಿಗೊಮ್ಮೆ ಮಿನುಗುವ ಅದೇ ಲಯ.

ಇನ್ನೊಂದು ಸಂಗತಿಯನ್ನು ಓದದೆ ದಾಟಿ ಹೋಗುವವರೇ ಹೆಚ್ಚಿರಬೇಕು. ಗೋಪುರವನ್ನು ಮಾತ್ರ ಒಯ್ಯಲಿಲ್ಲ. ಕಾವಲುಗಾರರ ಎರಡು ಮನೆಗಳು, ಎಣ್ಣೆಯ ಕೊಠಡಿ, ಮಳೆನೀರಿನ ತೊಟ್ಟಿಗಳು ಎಲ್ಲವನ್ನೂ ಒಯ್ದರು. ಹಳೆಯ ಜಾಗದಲ್ಲಿ ಯಾವುದು ಯಾವುದರಿಂದ ಎಷ್ಟು ದೂರದಲ್ಲಿ, ಯಾವ ದಿಕ್ಕಿಗೆ ಮುಖ ಮಾಡಿತ್ತೋ ಹೊಸ ಜಾಗದಲ್ಲಿಯೂ ಹಾಗೆಯೇ ಇರಿಸಿದರು. ನಾವು ನಿಂತಿದ್ದ ಜೋಡಿಮನೆಯೂ ಹಾಗೆ ಬಂದುದೇ. ಉಮ್ಮ ವರಾಂಡಕ್ಕೆ ಬಂದು ಗೋಪುರವನ್ನು ನೋಡಿದರು, ಎಣ್ಣೆಯ ಕೊಠಡಿಯನ್ನು ನೋಡಿದರು. “ನೆರೆಕರೆಯನ್ನೂ ಕರಕೊಂಡು ಬಂದಿದ್ದಾರೆ” ಎಂದರು. ವರಾಂಡದ ಬೆಂಚಿನ ಮೇಲೆ ಕುಳಿತು ಬಹಳ ಹೊತ್ತು ಏಳಲಿಲ್ಲ.

ಅವರ ಮೊಣಕಾಲು ನೋವಿನಿಂದಾಗಿ ನಾನು ಮಕ್ಕಳೊಂದಿಗೆ ಗೋಪುರ ಹತ್ತಿದೆ. 257 ಮೆಟ್ಟಿಲು, ಒಳಗೆ ಸೆಕೆ. ಮೇಲಿನ ಗಾಳಿಯಲ್ಲಿ ಟೊಪ್ಪಿ ಹಿಡಿದುಕೊಳ್ಳಬೇಕು. ಅಲ್ಲಿಂದ ಹಳೆಯ ನೆಲೆಯಿಂದ ಗೋಪುರ ಸಾಗಿಬಂದ ದಾರಿ ಕಾಣುತ್ತದೆ, ಕುರುಚಲು ಕಾಡಿನ ನಡುವೆ ಅಗಲವಾದ ಹಾದಿ. ಆಚೆ ಕಡಲು. ಹಳೆಯ ಅಡಿಪಾಯದ ಗ್ರಾನೈಟ್ ಕಲ್ಲುಗಳ ಮೇಲೆ ಹಿಂದೆ ದೀಪ ಕಾದ 83 ಮಂದಿಯ ಹೆಸರು ಕೆತ್ತಿಸಿ ಮೊದಲು ಹಳೆಯ ಜಾಗದಲ್ಲೇ ವೃತ್ತಾಕಾರವಾಗಿ ಇಟ್ಟಿದ್ದರಂತೆ. ಬಿರುಗಾಳಿ ಬಂದಾಗಲೆಲ್ಲ ಮರಳು ಅವನ್ನು ಮುಚ್ಚತೊಡಗಿತು. ಕಡೆಗೆ ಹೆಸರುಗಳನ್ನೂ ಗೋಪುರದ ಬಳಿಗೆ ತಂದರು. ನಾವು ಕಂಡದ್ದು ಹೊಸ ಜಾಗದಲ್ಲಿ, ಜನರು ಕುಳಿತುಕೊಳ್ಳುವ ಅರ್ಧವೃತ್ತವಾಗಿ.

ತೀರಕ್ಕೆ ಇಳಿದಾಗ ಅಲ್ಲಲ್ಲಿ ಕೋಲು ನೆಟ್ಟು ದಾರ ಕಟ್ಟಿದ್ದರು. ಮರಳಿನಲ್ಲೇ ಮೊಟ್ಟೆಯಿಡುವ ಹಕ್ಕಿಗಳ ಗೂಡು, ಕಡಲಾಮೆಯ ಮೊಟ್ಟೆಯ ಗುಂಡಿ. ಆಮೆ ಮರಿಗಳು ರಾತ್ರಿ ಹೊರಬಂದಾಗ ಹೊಳೆಯುವ ದಿಗಂತವನ್ನು ಕಡಲೆಂದು ನಂಬಿ ಅತ್ತ ನಡೆಯುತ್ತವೆ. ಮನೆಗಳ ದೀಪ ಕಂಡರೆ ದಾರಿ ತಪ್ಪಿ ಸಾಯುತ್ತವೆ. ಆದ್ದರಿಂದ ತೀರದ ದೀಪ ಆರಿಸಿ, ಮಕ್ಕಳು ತೋಡಿದ ಮರಳಿನ ಗುಂಡಿಯನ್ನು ಮುಚ್ಚಿ ಹೋಗಿ ಎಂಬ ಸೂಚನೆ. ತಂಗಿಯ ಮಗಳು ತನ್ನ ಗುಂಡಿಯನ್ನು ಬಹಳ ಶ್ರದ್ಧೆಯಿಂದ ಮುಚ್ಚಿದಳು. ಮರಿಗಳನ್ನು ಕಳೆದುಕೊಂಡು ರೆಕ್ಕೆ ಬಡಿಯುತ್ತಿದ್ದ ಹಕ್ಕಿಯನ್ನು ಕಂಡು, ಅವನ್ನು ಹಿಂದಿರುಗಿಸಿರಿ ಎಂದು ಪ್ರವಾದಿವರ್ಯರು(ಸ) ಸಂಗಾತಿಗಳಿಗೆ ಹೇಳಿದ ಘಟನೆಯನ್ನು ಉಮ್ಮ ಅವಳಿಗೆ ಹೇಳಿದರು. ಮದ್ರಸಾದ ಪುಸ್ತಕದಲ್ಲಿ ಅದನ್ನು ಆಕೆ ಓದಿದ್ದಳು. ದಾರ ಕಟ್ಟಿದ ಜಾಗದ ಪಕ್ಕದಲ್ಲಿ ಕೇಳಿದಾಗ ಅದು ಆಕೆಗೆ ಬೇರೆಯೇ ಆಗಿ ಕೇಳಿಸಿರಬೇಕು.

ಅಲ್ಲೇ ಝುಹರ್ ಮತ್ತು ಅಸರ್ ಜಮ್‌ಅ್ ಮಾಡಿ ನಮಾಝ್ ನಿರ್ವಹಿಸಿದೆವು. ಉತ್ತರ ಕೆರೊಲಿನಾದಿಂದ ಕಿಬ್ಲಾ ಈಶಾನ್ಯಕ್ಕೆ, ಅಂದರೆ ಕಡಲ ಕಡೆಗೆ. ಊರಿನಲ್ಲಿಯೂ ನಾವು ಪಶ್ಚಿಮಕ್ಕೆ, ಕಡಲಿಗೆ ಮುಖ ಮಾಡಿಯೇ ನಿಲ್ಲುತ್ತೇವೆ. ಸಲಾಮ್ ಹೇಳಿ ಎದ್ದ ಮೇಲೆ ಉಮ್ಮ ಮಾಮಿಗೆ ಫೋನ್ ಮಾಡಿಸಿದರು. ಊರಿನಲ್ಲಿ ಆಗ ಮಧ್ಯರಾತ್ರಿ; ಮಳೆಗಾಲವಾದ್ದರಿಂದ ಅಲೆಯ ಸದ್ದಿಗೆ ಮಾಮಿ ಮಲಗಿರಲಿಲ್ಲ. ಆ ಸದ್ದು ನಮಗೂ ಫೋನಿನಲ್ಲಿ ಕೇಳಿಸಿತು.

“ಇಲ್ಲಿ ಒಂದು ಮಿನಾರವನ್ನೇ ಎತ್ತಿಕೊಂಡು ಹೋಗಿದ್ದಾರೆ” ಎಂದರು ಉಮ್ಮ.

“ಮಿನಾರಕ್ಕೆ ಗಂಡನ ಖಬರ್ ಇರುವುದಿಲ್ಲ” ಎಂದರು ಮಾಮಿ.

ಉಮ್ಮನಿಗೆ ಉತ್ತರ ಹೊಳೆಯಲಿಲ್ಲ, ನನಗೂ ಇಲ್ಲ.

ಹ್ಯಾಟರಸ್‌ನ ಬಡಗಣಕ್ಕೆ ರೊಡಾಂಥೆ ಎಂಬ ಹಳ್ಳಿಯಿದೆ. ಹೋಗುವಾಗ ಬರುವಾಗ ನಾವು ಅದನ್ನು ಹಾದೆವು; ಅಲೆಗಳ ನಡುವೆ ಮರದ ಕಾಲುಗಳ ಮೇಲೆ ನಿಂತ ಮನೆಗಳು. 2022ರ ಮೇ ತಿಂಗಳಲ್ಲಿ ಅಂಥ ಎರಡು ಮನೆಗಳು ಒಂದೇ ದಿನ ಕಡಲಿಗೆ ಕುಸಿದುದನ್ನು ವಿಡಿಯೋದಲ್ಲಿ ಕಂಡೆ. ಒಡೆದ ಹಲಗೆ, ಮೊಳೆ, ಹಾಸಿಗೆ ಎಲ್ಲವೂ ಮೈಲುಗಟ್ಟಲೆ ತೀರದಲ್ಲಿ ಹರಡಿದವು. ಗೋಪುರವನ್ನು ಸ್ಥಳಾಂತರಿಸಿದ ದೇಶಕ್ಕೂ ಎಲ್ಲರ ಮನೆಯನ್ನು ಸ್ಥಳಾಂತರಿಸಲು ಆಗಿಲ್ಲ.

ಅದಕ್ಕೆ ಒಂದು ವರ್ಷ ಮುನ್ನ, 2021ರ ಮೇ ತಿಂಗಳಲ್ಲಿ, ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಹಾದುಹೋಯಿತು. ಮಾಮಿಯ ಮನೆಯ ಬಚ್ಚಲು ಮತ್ತು ಹಿತ್ತಲಿನ ಗೋಡೆ ಹೋದವು. ಮನೆ ನಿಂತಿತು. ಆದರೆ ನೀರು ಇಳಿದ ಮೇಲೆ ಬಾವಿಯ ನೀರು ಉಪ್ಪಾಗಿತ್ತು. ಎರಡು ಮಳೆಗಾಲ ಕಳೆದರೂ ಸಿಹಿಯಾಗಲಿಲ್ಲ. ಮಾಮನ ಮಾತನ್ನು ಉಮ್ಮ ನೆನಪಿಸಬೇಕಾಗಿ ಬರಲಿಲ್ಲ, ಮಾಮಿಯೇ ಹೇಳಿದರು. ಹೋಗುತ್ತೇನೆ, ಆದರೆ ಒಬ್ಬಳೇ ಹೋಗಿ ಅಪರಿಚಿತರ ಫ್ಲ್ಯಾಟಿನಲ್ಲಿ ಕೂರುವವಳು ನಾನಲ್ಲ. ಬಡಗಣ ಮನೆಯ ಆಮಿನ ಬಡಗಣಕ್ಕೇ ಇರಬೇಕು, ನಮ್ಮ ಮಸೀದಿಯ ಬಾಂಗು ಕೇಳಬೇಕು ಎಂದರು. ಖಬರಿನ ಮಾತನ್ನು ಉಸ್ತಾದರು ಬಂದು ಸಮಾಧಾನಪಡಿಸಿದರು. ಅಗಲಿದವರಿಗೆ ದುಆ ತಲುಪಲು ಬಾಗಿಲು ಎದುರಿಗೇ ಇರಬೇಕೆಂದಿಲ್ಲ ಎಂದು ಅವರು ಹೇಳಿದ್ದನ್ನು ಮಾಮಿ ಮೌನವಾಗಿ ಕೇಳಿದರು. ಒಪ್ಪಿದರೋ ಇಲ್ಲವೋ ತಿಳಿಯದು.

ಆ ಸಾಲಿನಲ್ಲಿ ಏಳು ಮನೆಗಳಿದ್ದವು. ಜಮಾಅತಿನವರು ನಾಲ್ಕು ಬಾರಿ ಸಭೆ ಸೇರಿದರು. ಮಕ್ಕಳ ಗಲ್ಫಿನ ಹಣ, ಇಬ್ಬರು ದಾನಿಗಳ ನೆರವು, ಉಳಿದದ್ದು ಸಾಲ. ರೈಲು ಹಳಿಯ ಆಚೆಗೆ ಜಾಗ ಸಿಕ್ಕಿತು. ಗಾಳಿ ಪಶ್ಚಿಮದಿಂದ ಬೀಸಿದರೆ ಬಾಂಗು ಚೆನ್ನಾಗಿ ಕೇಳುತ್ತದೆ. ಹೊಸ ಬಾವಿಯಲ್ಲಿ ಸಿಹಿನೀರು ಬಂದಿದೆ. ಐದು ಮನೆಗಳು ಹಳೆಯ ಕ್ರಮದಲ್ಲಿಯೇ ಎದ್ದು ನಿಂತಿವೆ, ಆಮಿನರ ಮನೆ ಬಡಗಣಕ್ಕೆ. ಉಳಿದ ಎರಡು ಮನೆಯವರು ಇನ್ನೂ ದಡದಲ್ಲೇ ಇದ್ದಾರೆ, ಕಲ್ಲಿಗಾಗಿ ಅರ್ಜಿ ಬರೆಯುತ್ತಿದ್ದಾರೆ. ಹೊಸ ಸಾಲಿನಲ್ಲಿ ಮೂರನೆಯ ಮತ್ತು ಆರನೆಯ ಜಾಗವನ್ನು ಅವರಿಗಾಗಿ ಖಾಲಿ ಬಿಡಲಾಗಿದೆ; ಮಾಮಿ ಅಲ್ಲಿ ಬಸಳೆ ಹಬ್ಬಿಸಿದ್ದಾರೆ.